9ಕ್ಕೆ ಮಲಗಿ 1ರವರೆಗೆ ಹೊರಳಾಟ

ರಾತ್ರಿ 9ಕ್ಕೆ ಮಲಗಿದರೂ 1ರವರೆಗೆ ನಿದ್ದೆ ಬರುವುದಿಲ್ಲ, ಮಧ್ಯಾಹ್ನ ಊಟದ ಮೇಲೆ ಎರಡು ಗಂಟೆ ಮಲಗುತ್ತೇನೆ ಎಂದು ಬರೆದು, ಇದಕ್ಕೆ ಕಾಸರಗೋಡಿನ ಸೆಕೆ ಕಾರಣವೇ ಎಂದು ಕೇಳಿದ್ದೀರಿ. ಸ್ವಲ್ಪ ಇರಬಹುದು, ಆದರೆ ಆ ಹಗಲು ನಿದ್ದೆಯ ಮೇಲೇ ನನ್ನ ಗುಮಾನಿ. ಅದು ರಾತ್ರಿಯ ಪಾಲನ್ನು ತಿನ್ನುತ್ತದೆ. ಮೊದಲು ಏಳುವ ಹೊತ್ತು ಗಟ್ಟಿ ಮಾಡಿ: ನಿದ್ದೆ ಎಷ್ಟೇ ತಡವಾಗಲಿ, 6ಕ್ಕೆ ಏಳಿ, ಭಾನುವಾರವೂ. ಹಗಲು ನಿದ್ದೆ, ಸಂಜೆಯ ಚಾ ಬಿಡಿ. ಹಾಸಿಗೆಗೆ 11ಕ್ಕೆ ಹೋದರೆ ಸಾಕು. ಅಂದಾಜು 20 ನಿಮಿಷ ನಿದ್ದೆ ಬರದಿದ್ದರೆ (ಗಡಿಯಾರ ನೋಡಬೇಡಿ, ಅದೇ ಇನ್ನೊಂದು ತಲೆಬಿಸಿ) ಎದ್ದು ಚಾವಡಿಯಲ್ಲಿ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮರಳಿ. ಮೊದಲ ವಾರ ಹಗಲು ಮಂಪರು ಹೆಚ್ಚುತ್ತದೆ, ಬೈಕ್ ಜಾಗ್ರತೆ.

ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆ ಬಾರದೆ ಕಳೆದರೆ, ಅಥವಾ ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ಡಾಕ್ಟರರನ್ನು ಕಾಣಿ. ಮಾತ್ರೆ ನೀವಾಗಿ ತರಬೇಡಿ. ಬದುಕೇ ಬೇಡವೆನಿಸಿದರೆ ಅಷ್ಟು ದಿನ ಕಾಯಬೇಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು.