51ರಲ್ಲೇ ಉಳಿಯಬೇಕಾ, 54ಕ್ಕೆ ಏರಬೇಕಾ? ಬಾಕ್ಸರ್ ಹುಡುಗಿಯೊಬ್ಬಳ ಪ್ರಕರಣ

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರೇಣುಕಾ ಎನ್ನೋಣ. ವಯಸ್ಸು 19. ಮನೆಯವರು ವಿಜಯಪುರದ ಕಡೆಯವರು, ಪುಣೆಗೆ ಬಂದು ನೆಲೆಸಿ ಬಹಳ ವರ್ಷಗಳಾದವು. ಅಪ್ಪ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ಅಣ್ಣನೂ ಬಾಕ್ಸಿಂಗ್ ಆಡುತ್ತಿದ್ದವನೇ, ಭುಜಕ್ಕೆ ಪೆಟ್ಟಾಗಿ ಬಿಟ್ಟ. ತಂಗಿಯ ಕೈಗೆ ಗ್ಲೌಸ್ ಹಾಕಿಸಿದ್ದು ಅವನು.

ಸಮಾಲೋಚನೆಗೆಂದು ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವ್ವ. "ರಾತ್ರಿ ನಿದ್ದಿ ಮಾಡಂಗಿಲ್ಲ. ಊಟಕ್ಕ ಕರದ್ರ ಸಿಟ್ಟಿಗೇಳ್ತಾಳ್ರಿ" ಅಂದರು. ರೇಣುಕಾ ಹೇಳಿದ್ದು ಬೇರೆ. 51 ಕೆಜಿ ತೂಕದ ವರ್ಗದಲ್ಲಿ ರಾಜ್ಯ ಮಟ್ಟದ ಒಂದು ಚಿನ್ನ ಇದೆ. ಹೊಸ ಕೋಚ್ 54ಕ್ಕೆ ಏರು ಎನ್ನುತ್ತಿದ್ದಾರೆ. ಮನೆಯಲ್ಲಿ ಬೇಡ ಎನ್ನುತ್ತಿದ್ದಾರೆ. "ನೀವು ಒಂದು ಹೇಳಿಬಿಡಿ ಮೇಡಂ, ನಾನು ಅದನ್ನೇ ಮಾಡ್ತೀನಿ" ಅಂದಳು. ಇಂಥ ಮಾತು ಕೇಳಿದಾಗ ನಾನು ಸ್ವಲ್ಪ ಹುಷಾರಾಗುತ್ತೇನೆ. ಯಾರೋ ಒಬ್ಬರು ತೀರ್ಮಾನ ಹೇಳಿದರೆ ಸಾಕು ಅನ್ನುವವರ ಹತ್ತಿರ ಸಾಮಾನ್ಯವಾಗಿ ಬಾಯಿಬಿಡದ ಕಾರಣವೊಂದು ಇರುತ್ತದೆ.

ಅಣ್ಣನನ್ನೂ ಒಂದು ಸಲ ಕರೆಸಿದೆ. ಮೊದಲು ಒಂದು ವರ್ಗವನ್ನು ಪೂರ್ತಿ ಆಳಬೇಕು, ಆಮೇಲೆ ಮೇಲೇರಬೇಕು ಎಂಬ ಅವನ ವಾದ ಗಟ್ಟಿಯಾಗಿಯೇ ಇತ್ತು. ನನಗೂ ಬಾಕ್ಸಿಂಗ್ ಹುಚ್ಚು ಇರುವುದರಿಂದ ಆ ಒಂದು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಮಾರ್ವಿನ್ ಹ್ಯಾಗ್ಲರ್ 1980ರಿಂದ 1987ರವರೆಗೆ ಮಿಡಲ್‌ವೇಟ್ ಎಂಬ ತೂಕದ ವರ್ಗದ ಚಾಂಪಿಯನ್ ಆಗಿದ್ದ, 12 ಸಲ ಪಟ್ಟ ಉಳಿಸಿಕೊಂಡ, ಮೇಲಿನ ತೂಕದ ಕಡೆ ಹೋಗಲೇ ಇಲ್ಲ. ಬರ್ನಾರ್ಡ್ ಹಾಪ್ಕಿನ್ಸ್ ಅದೇ ವರ್ಗದಲ್ಲಿ 20 ಸಲ ಪಟ್ಟ ಉಳಿಸಿಕೊಂಡು, 41ನೇ ವಯಸ್ಸಿಗೆ ಲೈಟ್ ಹೆವಿವೇಟ್‌ಗೆ ಏರಿದ. ರೊಬರ್ಟೊ ಡುರಾನ್ 1972ರಲ್ಲಿ ಲೈಟ್‌ವೇಟ್ ಗೆದ್ದು ಏಳು ವರ್ಷ ಅದನ್ನು ಆಳಿದ, ಆಮೇಲೆ 1980ರಲ್ಲಿ ಅದಕ್ಕಿಂತ ಭಾರದ ವೆಲ್ಟರ್‌ವೇಟ್‌ಗೆ ಬಂದು ಶುಗರ್ ರೇ ಲೆನಾರ್ಡ್‌ನನ್ನೇ ಸೋಲಿಸಿದ. ಈಗಿನವರಲ್ಲಿ ಜಪಾನಿನ ನಯೋಯಾ ಇನೊಯೆ 2022ರ ಡಿಸೆಂಬರ್‌ನಲ್ಲಿ ಬ್ಯಾಂಟಮ್‌ವೇಟ್‌ನಲ್ಲಿ ನಾಲ್ಕು ಬಾಕ್ಸಿಂಗ್ ಸಂಸ್ಥೆಗಳು ಕೊಡುವ ನಾಲ್ಕೂ ಚಾಂಪಿಯನ್ ಬೆಲ್ಟ್ ಒಟ್ಟುಮಾಡಿದ ಮೇಲೆಯೇ ಮುಂದಿನ ವರ್ಗಕ್ಕೆ ಹೋದ. 2023 ಮುಗಿಯುವಷ್ಟರಲ್ಲಿ ಅಲ್ಲಿನ ನಾಲ್ಕನ್ನೂ ತೆಗೆದುಕೊಂಡ. "ಇವಳು ಒಂದೇ ಒಂದು ಸ್ಟೇಟ್ ಗೋಲ್ಡ್ ಹಿಡ್ಕೊಂಡು ಜಿಗೀತೀನಿ ಅಂದ್ರ ಹೆಂಗ್ರಿ?" ಅಂದ. ಅಪ್ಪನ ಮಾತೂ ಅದೇ ದಾರಿಯದು: ಒಂದು ಹೊಲ ಹಸನು ಮಾಡದೆ ಇನ್ನೊಂದು ಹೊಲಕ್ಕೆ ಕೂರಿಗೆ ಹೂಡಬಾರದು.

ಅವಸರ ಮಾಡಿದವರ ಕಥೆಯೂ ಅವನ ಬಳಿ ಇತ್ತು. ಕೆಲ್ ಬ್ರೂಕ್ ವೆಲ್ಟರ್‌ವೇಟ್ ಚಾಂಪಿಯನ್ ಆಗಿದ್ದಾಗಲೇ, 2016ರ ಸೆಪ್ಟೆಂಬರ್‌ನಲ್ಲಿ, ನಡುವಿನ ಒಂದು ವರ್ಗವನ್ನು ಬಿಟ್ಟು ಗೆನ್ನಡಿ ಗೊಲೊವ್ಕಿನ್ ಎದುರು ಮಿಡಲ್‌ವೇಟ್‌ಗೆ ಹಾರಿದ. ಐದನೇ ಸುತ್ತಿನಲ್ಲಿ ಅವನ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು. ಕಣ್ಣಿನ ಗೂಡಿನ ಮೂಳೆ ಮುರಿದಿತ್ತು.

ಅಣ್ಣ ಹೇಳಿದ್ದು ಒಂದೂ ಸುಳ್ಳಲ್ಲ. ಬಿಟ್ಟದ್ದು ಮಾತ್ರ ಒಂದಿದೆ, ಮ್ಯಾನಿ ಪ್ಯಾಕಿಯಾವೊ. ಅವನು 1998ರಲ್ಲಿ ಫ್ಲೈವೇಟ್ ಚಾಂಪಿಯನ್ ಆದ. ಆ ವರ್ಗದ ಮಿತಿ 112 ಪೌಂಡ್, ಅಂದರೆ 50.8 ಕೆಜಿ. ಹೆಚ್ಚೂಕಮ್ಮಿ ರೇಣುಕಾಳ ತೂಕವೇ! ಮರುವರ್ಷ ತಕ್ಕಡಿ ಮೇಲೆ ತೂಕ ಜಾಸ್ತಿ ಬಂತು, ಬೆಲ್ಟ್ ಅಲ್ಲೇ ಹೋಯಿತು. ರಿಂಗಿಗೆ ಇಳಿದ ಮೇಲೆ ನಾಕೌಟ್ ಕೂಡ ಆದ. ಅವನು ಫ್ಲೈವೇಟ್ ಆಳಿ ಮುಗಿಸಿ ಮೇಲೇರಿದವನಲ್ಲ. ಮೈ ಬೆಳೆಯಿತು, ಹೊರಟ. 2010ರ ಹೊತ್ತಿಗೆ ಎಂಟು ವರ್ಗಗಳಲ್ಲಿ ವಿಶ್ವ ಪಟ್ಟ ಗೆದ್ದಿದ್ದ. 51ರಲ್ಲೇ ಉಳಿದು ಮೊದಲು ಎಲ್ಲರನ್ನೂ ಸೋಲಿಸು ಎಂದು ಆ ಹುಡುಗನನ್ನು ಯಾರಾದರೂ ಹಿಡಿದಿಟ್ಟಿದ್ದರೆ?

ಡುರಾನ್ ಆ ಏಳು ವರ್ಷದಲ್ಲಿ ಕೂಡಿಹಾಕಿದ್ದು ಬರೀ ಪಟ್ಟವನ್ನಲ್ಲ. ಎತ್ತರದವರು, ಎಡಗೈಯವರು, ಓಡಾಡಿಸಿ ದಣಿಸುವವರು, ಮೈಮೇಲೆ ಬಿದ್ದು ಹೊಡೆಯುವವರು, ಇಂಥ ಎಲ್ಲರ ಎದುರು ಗೆಲ್ಲುವ ದಾರಿ ಅವನಿಗೆ ಗೊತ್ತಾಯಿತು. ಮೇಲಿನ ವರ್ಗದಲ್ಲಿ ಎದುರಾಳಿಯ ಏಟು ಭಾರ ಇರುತ್ತದೆ, ತನ್ನ ಏಟು ಮೊದಲಿನಷ್ಟು ನಾಟುವುದಿಲ್ಲ. ಆಗ ಕೈಹಿಡಿಯುವುದು ಈ ತಿಳಿವಳಿಕೆ. ಆದ್ದರಿಂದ ಒಂದೇ ವರ್ಗದಲ್ಲಿ ಕೆಲಕಾಲ ಉಳಿಯುವುದು ಒಳ್ಳೆಯದು ಎಂದೇ ನಾನೂ ಒಪ್ಪುತ್ತೇನೆ. ಒಂದು ಷರತ್ತು ಇದೆ: ಆ ತೂಕದಲ್ಲಿ ಮೈ ಸುಸ್ತಿಲ್ಲದೆ ಇರಬೇಕು. ತಕ್ಕಡಿಯ ಜೊತೆ ಗುದ್ದಾಡಿ ಸುಸ್ತಾದವರು ಅಲ್ಲಿ ಕಲಿಯುವುದು ತುಂಬಾ ಕಡಿಮೆ.

ಇನ್ನೊಂದು ವಿಷಯ ಅಭಿಮಾನಿಗಳ ವಾದದಲ್ಲಿ ಬರುವುದೇ ಇಲ್ಲ. ಪ್ರೊಫೆಷನಲ್ ಬಾಕ್ಸರ್ ಹಿಂದಿನ ದಿನ ತೂಕ ಕೊಡುತ್ತಾನೆ, ರಾತ್ರಿಯೆಲ್ಲ ನೀರು ಊಟ ತಗೊಂಡು ಮರುದಿನ ರಿಂಗಿಗೆ ಬರುತ್ತಾನೆ. ರೇಣುಕಾ ಆಡುವ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಹಾಗಲ್ಲ. ಆಟದ ದಿನ ಬೆಳಗ್ಗೆಯೇ ತೂಕ. ಗೆದ್ದರೆ ಮುಂದಿನ ಆಟದ ದಿನ ಬೆಳಗ್ಗೆ ಮತ್ತೆ ತೂಕ. ಫೈನಲ್‌ವರೆಗೂ ಇದೇ ಗೋಳು. ಹಾಪ್ಕಿನ್ಸ್‌ನ ಲೆಕ್ಕವನ್ನು ತಂದು ಭೋಸರಿಯ ಹುಡುಗಿಗೆ ಹಚ್ಚಿದರೆ ಆಗುವುದಿಲ್ಲ. ನಮ್ಮ ದೇಶದ ಹುಡುಗಿಯರಲ್ಲಿ ಎಷ್ಟೋ ಜನ ತೂಕ ಬದಲಿಸಿದ್ದು ಆಳಿ ಮುಗಿಸಿದೆವು ಎಂದಲ್ಲ, ಒಲಿಂಪಿಕ್ಸ್‌ನಲ್ಲಿ ಯಾವ ವರ್ಗಗಳಿವೆ ಎಂದು ನೋಡಿಕೊಂಡು. ಮೇರಿ ಕೋಮ್ ವಿಶ್ವ ಚಾಂಪಿಯನ್ ಆಗಿದ್ದೆಲ್ಲ 45, 46, 48ರಲ್ಲಿ. 2012ರ ಲಂಡನ್‌ನಲ್ಲಿ ಮಹಿಳೆಯರಿಗೆ ಇದ್ದ ಅತಿ ಕಡಿಮೆ ವರ್ಗವೇ 51, ಅಲ್ಲಿಗೆ ಏರಿ ಕಂಚು ತಂದರು. ಲವ್ಲಿನಾ ಬೊರ್ಗೊಹೈನ್ ಟೋಕಿಯೊದಲ್ಲಿ 69 ಕೆಜಿಯಲ್ಲಿ ಕಂಚು ಗೆದ್ದರು. ಪ್ಯಾರಿಸ್‌ಗೆ ಆ ವರ್ಗವನ್ನೇ ತೆಗೆದುಹಾಕಿದರು. ಅವರು 75ಕ್ಕೆ ಹೋಗಿ 2023ರಲ್ಲಿ ವಿಶ್ವ ಚಾಂಪಿಯನ್ ಆದರು.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ರೇಣುಕಾಳ ಹತ್ತಿರ ಮಾತ್ರ ಬೇರೆಯದನ್ನು ಕೇಳಿದೆ: "ಆಟ ಇಲ್ಲದ ದಿನಗಳಲ್ಲಿ ನಿನ್ನ ತೂಕ ಎಷ್ಟು?" 56 ಅಂದಳು. ಅಂದರೆ ಪ್ರತಿ ಪಂದ್ಯಕ್ಕೂ ಐದು ಕೆಜಿ ಇಳಿಸಬೇಕು. ಕೊನೆಯ ವಾರ ರೊಟ್ಟಿ ಬಂದ್. ಕೊನೆಯ ಎರಡು ದಿನ ನೀರೂ ಗುಟುಕು ಲೆಕ್ಕ. ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಸ್ಕಿಪ್ಪಿಂಗ್. ಮೂರನೇ ಸುತ್ತಿನಲ್ಲಿ ಕಾಲು ಏಳುವುದಿಲ್ಲ ಎಂದು ತಾನೇ ಹೇಳಿದಳು. ಅವಳು ಇತ್ತೀಚೆಗೆ ಸೋತ ಆಟಗಳೆಲ್ಲ ಮೂರನೇ ಸುತ್ತಿನಲ್ಲೇ ಕೈತಪ್ಪಿದ್ದವು.

ಮುಟ್ಟಿನ ಬಗ್ಗೆ ಕೇಳಿದಾಗ ತಲೆ ತಗ್ಗಿಸಿದಳು. ಕೆಲವು ತಿಂಗಳಿಂದ ಆಗಿರಲಿಲ್ಲ. "ಒಳ್ಳೇದೇ ಆಯ್ತು ಅಂದ್ಕೊಂಡೆ ಮೇಡಂ, ಟೂರ್ನಮೆಂಟ್‌ನಲ್ಲಿ ತೊಂದ್ರೆ ಇಲ್ಲ." ಇಷ್ಟು ಚಿಕ್ಕ ಹುಡುಗಿಯರ ಬಾಯಲ್ಲಿ ಈ ಮಾತು ನಾನು ಬಹಳ ಸಲ ಕೇಳಿದ್ದೇನೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ತಿನ್ನುವುದಕ್ಕಿಂತ ಖರ್ಚು ಜಾಸ್ತಿಯಾದರೆ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಇದೂ ಒಂದು. ಹೀಗೇ ಮುಂದುವರಿದರೆ ಮೂಳೆ ಸವೆಯುತ್ತದೆ, ನಿದ್ದೆ ಮತ್ತು ಮನಸ್ಸು ಎರಡೂ ಕೆಡುತ್ತವೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಸ್ಥಿತಿಗೆ 'ರೆಡ್-ಎಸ್' (ಕ್ರೀಡಾಪಟುಗಳಲ್ಲಿ ಶಕ್ತಿಯ ಕೊರತೆ) ಎಂದು ಹೆಸರಿಟ್ಟು ಎಚ್ಚರಿಸಿದೆ. ಅವ್ವ ಹೇಳಿದ ಸಿಟ್ಟು, ನಿದ್ದೆಗೇಡು ಎರಡಕ್ಕೂ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಉಳಿದರ್ಧಕ್ಕೆ ಸ್ವಲ್ಪ ಕಾಯಬೇಕಾಯಿತು. ತೂಕದ ವಿಷಯ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹಾಗಾದರೆ "ಮೊದಲು 51 ಆಳಬೇಕು" ಎಂದು ಅಣ್ಣನ ಮಾತನ್ನು ಇವಳೂ ಯಾಕೆ ಹಿಡಿದುಕೊಂಡಿದ್ದಾಳೆ? ಒಂದು ದಿನ ಸುಮ್ನೆ ಕೇಳಿದೆ, "54ರಲ್ಲಿ ಯಾರಿದ್ದಾರೆ?" ಕಣ್ಣಲ್ಲಿ ನೀರು ಬಂತು. ಅಲ್ಲಿರುವುದು ಅವಳ ದೀದಿ. ಅದೇ ಕ್ಲಬ್ಬಿನವಳು, ನಾಲ್ಕು ವರ್ಷ ದೊಡ್ಡವಳು. ಶಿಬಿರಗಳಲ್ಲಿ ಒಂದೇ ಕೋಣೆ. ಮೊದಲ ಸಲ ಸೋತಾಗ ರಾತ್ರಿಯೆಲ್ಲ ಕೂತು ಸಮಾಧಾನ ಮಾಡಿದವಳು, ತನ್ನ ಹಳೆಯ ಶೂ ಕೊಟ್ಟವಳು. ರಾಜ್ಯದ ತಂಡದಲ್ಲಿ ಒಂದು ವರ್ಗಕ್ಕೆ ಒಬ್ಬಳಿಗೇ ಜಾಗ. 54ಕ್ಕೆ ಏರಿದರೆ ಆಯ್ಕೆಯಲ್ಲಿ ದೀದಿಯ ಎದುರೇ ನಿಲ್ಲಬೇಕು. ಅವಳಿಗೆ ಸೋಲಿನ ಭಯ ಇರಲಿಲ್ಲ, ಗೆದ್ದುಬಿಟ್ಟರೆ ಏನು ಮಾಡುವುದು ಎಂಬ ಭಯ ಇತ್ತು.

ಇದು ಸಣ್ಣ ವಿಷಯ ಅಲ್ಲ. 2019ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ 51 ಕೆಜಿಯ ಆಯ್ಕೆ ಪಂದ್ಯದಲ್ಲಿ ಮೇರಿ ಕೋಮ್ ಮತ್ತು ನಿಖತ್ ಜರೀನ್ ಎದುರಾದರು. ಮೇರಿ 9–1ರಲ್ಲಿ ಗೆದ್ದರು. ಆಟ ಮುಗಿದ ಮೇಲೆ ಕೈ ಕುಲುಕಲಿಲ್ಲ ಎಂಬುದೇ ಸುದ್ದಿಯಾಯಿತು. ರೇಣುಕಾ ಆ ವೀಡಿಯೊ ಎಷ್ಟೋ ಸಲ ನೋಡಿದ್ದಳು. ನಾನು ಅವಳಿಗೆ ನೆನಪಿಸಿದ್ದು ಇಷ್ಟೇ: ಅಂದು ಸೋತ ನಿಖತ್ 2022ರಲ್ಲಿ, ಮತ್ತೆ 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಆ ಒಂದು ಆಟ ಇಬ್ಬರಲ್ಲಿ ಯಾರ ಬದುಕನ್ನೂ ಮುಗಿಸಲಿಲ್ಲ.

ಕೊಟ್ಟ ಸಲಹೆಗೆ ಬರುತ್ತೇನೆ. ಮೊದಲನೆಯದನ್ನು ನಾನು ಸಲಹೆಯಾಗಿ ಅಲ್ಲ, ಖಡಾಖಂಡಿತವಾಗಿ ಹೇಳಿದೆ. ಸ್ತ್ರೀರೋಗ ತಜ್ಞರನ್ನೂ ಕ್ರೀಡಾ ವೈದ್ಯರನ್ನೂ ನೋಡುವವರೆಗೆ ತೂಕ ಇಳಿಸುವಂತಿಲ್ಲ, ಎದುರಿಗಿರುವ ಟೂರ್ನಮೆಂಟ್ ತಪ್ಪಿದರೂ ಸರಿ. ಮನೆಯ ತಕ್ಕಡಿಯನ್ನು ಅವ್ವ ಎತ್ತಿಡಬೇಕು. ದಿನಕ್ಕೆ ನಾಲ್ಕು ಸಲ ಅದರ ಮೇಲೆ ಹತ್ತುವ ಚಟ ನಿಲ್ಲಬೇಕು. ತೂಕದ ಲೆಕ್ಕ ಆಹಾರ ತಜ್ಞರ ಹತ್ತಿರ ಇರಲಿ. ಹೊಟ್ಟೆ ತುಂಬ ಉಂಡು, ಸರಿಯಾಗಿ ಅಭ್ಯಾಸ ಮಾಡಿ, ತೂಕ ಎಲ್ಲಿ ನಿಲ್ಲುತ್ತದೋ ನೋಡಿ ವರ್ಗ ಆರಿಸಬೇಕು. ವರ್ಗ ಆರಿಸಿಟ್ಟು ಅದಕ್ಕೆ ಮೈಯನ್ನು ಒಗ್ಗಿಸುವುದು ಬೇಡ.

ಅಣ್ಣನಿಗೆ ಹೇಳಿದೆ: 56 ಕೆಜಿಯ ಹುಡುಗಿ 54ಕ್ಕೆ ಹೋದರೆ ಅದು ಬ್ರೂಕ್ ಹಾರಿದ ಹಾರಾಟ ಅಲ್ಲ. ಅವನು ಎರಡು ವರ್ಗ, ಸುಮಾರು ಆರು ಕೆಜಿ ಮೇಲೆ ಹೋದ. ಇವಳು ತನ್ನದೇ ಅಳತೆಯವರ ಜೊತೆ ನಿಲ್ಲುತ್ತಾಳೆ, ಅಷ್ಟೇ. 51ರಲ್ಲಿ ಕಲಿಯುವುದು ಏನು ಬಾಕಿ ಇದೆ ಎಂದು ಇಬ್ಬರೂ ಕೂತು ಬರೆದರು. ಎಡಗೈ ಸೌತ್‌ಪಾಗಳ ಎದುರು ತಡವರಿಸುವುದು, ಹಗ್ಗದ ಹತ್ತಿರ ಸಿಕ್ಕಿಬೀಳುವುದು, ಹೀಗೆ. ಅದರಲ್ಲಿ 51ರಲ್ಲಿ ಮಾತ್ರ ಕಲಿಯಬಹುದಾದದ್ದು ಒಂದೂ ಇರಲಿಲ್ಲ. ಅದನ್ನು ಅಣ್ಣನೇ ಮೊದಲು ಹೇಳಿದ್ದು ನನಗೆ ಖುಷಿಯಾಯಿತು. ಹಾಗಂತ ಇದೇ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. 52–53 ಕೆಜಿಯಲ್ಲಿ ಆರಾಮಾಗಿ ಓಡಾಡುವ ಹುಡುಗಿಯೊಬ್ಬಳು ಒಂದು ಚಿನ್ನದ ಉತ್ಸಾಹದಲ್ಲಿ, ಅಥವಾ ಒಬ್ಬ ಎದುರಾಳಿಯಿಂದ ತಪ್ಪಿಸಿಕೊಳ್ಳಲು 54ಕ್ಕೆ ಹೋಗುತ್ತೇನೆ ಎಂದು ಬಂದಿದ್ದರೆ ನಾನು ಅಣ್ಣನ ಪಕ್ಷವನ್ನೇ ವಹಿಸುತ್ತಿದ್ದೆ.

ಅಪ್ಪನ ಚಿಂತೆ ನೌಕರಿಯದು. ಕೈಲಿರುವ ಪದಕದ ವರ್ಗ ಬಿಟ್ಟರೆ ಸ್ಪೋರ್ಟ್ಸ್ ಕೋಟಾ ಏನಾಗುತ್ತದೆ ಎಂದು ಕೇಳಿದರು. ಅಲ್ಲಿ ನೋಡುವುದು ಯಾವ ಮಟ್ಟದ ಸ್ಪರ್ಧೆ, ಎಷ್ಟನೇ ಸ್ಥಾನ ಎಂದು. 51ರ ಸರ್ಟಿಫಿಕೇಟ್ ಎಲ್ಲಿಗೂ ಹೋಗುವುದಿಲ್ಲ ಅಂದಾಗ ಅರ್ಧ ಸಮಾಧಾನವಾದಂತೆ ಕಂಡಿತು.

ದೀದಿಯ ವಿಷಯದಲ್ಲಿ ನಾನು ಹೇಳಿದ್ದು: ಹೆಸರು ಕೊಡುವ ಮೊದಲು ನೀನೇ ಹೋಗಿ ಹೇಳು, ಕೋಚ್ ಬಾಯಿಂದ ಅವಳಿಗೆ ಗೊತ್ತಾಗಬಾರದು. ಕ್ಷಮೆ ಕೇಳಬೇಡ, ತಪ್ಪೇನೂ ಮಾಡಿಲ್ಲ. ಅವಳು ಸಿಟ್ಟಾದರೆ ಸಿಟ್ಟಾಗಲು ಬಿಡು. ಈ ಮಾತನ್ನು ಹೇಗೆ ಶುರು ಮಾಡುವುದು ಎಂದು ನನ್ನ ಕೋಣೆಯಲ್ಲೇ ಹಲವು ಸಲ ಹೇಳಿ ನೋಡಿಕೊಂಡಳು.

ದೀದಿ ಕೆಲವು ವಾರ ಮಾತು ಬಿಟ್ಟಳು. ಅದು ರೇಣುಕಾಗೆ ತುಂಬಾ ನೋವಿನ ಸಮಯ, ಆಗ ಅವಳು ಹೆಚ್ಚು ಸಲ ಬಂದಳು. ಆಮೇಲೆ ಸ್ಪ್ಯಾರಿಂಗ್‌ನಲ್ಲಿ (ಅಭ್ಯಾಸದ ಆಟದಲ್ಲಿ) ಇಬ್ಬರೂ ಮೊದಲಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿದ್ದಾರೆ ಎಂದು ಕೋಚ್ ಫೋನ್ ಮಾಡಿ ನಕ್ಕರು. ಚಿಕಿತ್ಸೆ ನಡೆಯಿತು, ಮುಟ್ಟು ಮತ್ತೆ ಶುರುವಾಯಿತು, ನಿದ್ದೆ ಸುಧಾರಿಸಿತು. ರಾಜ್ಯ ಆಯ್ಕೆಯಲ್ಲಿ ರೇಣುಕಾ ದೀದಿಗೆ ಸೋತಳು, ಆದರೆ ಮೂರನೇ ಸುತ್ತು ಇವಳದಾಗಿತ್ತು. ಇಬ್ಬರ ನಡುವೆ ಮೊದಲಿನ ಸಲಿಗೆ ಪೂರ್ತಿ ಬಂದಿಲ್ಲ. ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ.

ಅಣ್ಣ ಮೊನ್ನೆ ಹೊಸ ವರಸೆ ತೆಗೆದ. "ಪ್ಯಾಕಿಯಾವೊ ಎಂಟು ಕ್ಲಾಸ್ ಮಾಡ್ಯಾನ. ಇವಳೂ ಮುಂದ 57ಕ್ಕ ಹೋಗಬಹುದಲ್ರಿ ಮೇಡಂ?" ಊಟ ಮಾಡುತ್ತಾ ಮೈ ತಾನಾಗೇ ಅಲ್ಲಿಗೆ ಬೆಳೆದರೆ ನೋಡೋಣ, ಸದ್ಯಕ್ಕೆ ಅವಳ ಸ್ಪ್ಯಾರಿಂಗ್‌ಗೆ ಇಬ್ಬರು ಒಳ್ಳೆಯ ಸೌತ್‌ಪಾಗಳನ್ನು ಹುಡುಕಪ್ಪಾ ಅಂದೆ.