ಬಂಗುಡೆಗೆ 220, ಕಾದದ್ದು 40 ನಿಮಿಷ

ಉಡುಪಿಯ ಕುಂಜಿಬೆಟ್ಟಿನಿಂದ ಬಂದ ನಿಮ್ಮ ಪತ್ರವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಪುಟ ಕಟ್ಟುವ ಹುಡುಗ ನಗುವ ಭರದಲ್ಲಿ ಚಹಾ ಚೆಲ್ಲಿಕೊಂಡ. ಉಳಿದ ಓದುಗರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಶನಿವಾರ ರಾತ್ರಿ ನೀವು, ನಿಮ್ಮವರು, ಅತ್ತೆ, 7 ಮತ್ತು 4 ವರ್ಷದ ಇಬ್ಬರು ಹುಡುಗರು ಮಂಗಳೂರಿನ ಒಂದು ಮೀನಿನ ಹೋಟೆಲಿಗೆ ಹೋದಿರಿ. ಎಸಿ, ಮಂದ ಬೆಳಕು, ಬಟ್ಟೆಯ ನ್ಯಾಪ್‌ಕಿನ್. ದೊಡ್ಡವನಿಗೆ ಈಗಷ್ಟೇ ಓದಲು ಬಂದಿದೆ. ಮೆನು ಹಿಡಿದು ಇಡೀ ಹಾಲಿಗೆ ಕೇಳುವ ಹಾಗೆ ಓದಿದ: "ಅಮ್ಮಾ, ಇಲ್ಲಿ ಒಂದು ಬಂಗುಡೆಗೆ 220! ಅಜ್ಜಿ ಮೊನ್ನೆ 100ಕ್ಕೆ 5 ತಂದಿದ್ರಲ್ಲಾ!" ಅಜ್ಜಿ ಹೆಮ್ಮೆಯಿಂದ ತಲೆಯಾಡಿಸಿದರು. ಚಿಕ್ಕವನು ಮೇಜಿನಡಿ ತೆವಳಿ, ಪಕ್ಕದವರ ಚಪ್ಪಲಿ ಹಾಕಿಕೊಂಡು ಹೊರಬಂದ. ಕೋರಿ ರೊಟ್ಟಿ (ಕೋಳಿ ಗಸಿ, ಅಂದರೆ ಗಟ್ಟಿ ಸಾರಿನ ಜೊತೆ ತಿನ್ನುವ ಗರಿಗರಿ ಅಕ್ಕಿ ರೊಟ್ಟಿ) ಬಂದಾಗ ಒಂದು ಹಾಳೆಯನ್ನು ಮುಖವಾಡದ ಹಾಗೆ ಹಿಡಿದು, ಕಣ್ಣಿನ ಜಾಗಕ್ಕೆ ಬೆರಳು ಚುಚ್ಚಿದ. ರೊಟ್ಟಿ ಚಟಪಟ ಒಡೆದು ಮೂರು ಮೇಜಿಗೆ ಹಾರಿತು. "ಮನೆಯಲ್ಲೇ ತಿನ್ನಿಸಬಾರದಾ?" ಅಂದರು ಪಕ್ಕದ ಮೇಜಿನ ಹೆಂಗಸು. ವಾಪಸ್ ಬರುವಾಗ ಕಾರಿನಲ್ಲಿ ನಿಮ್ಮವರ ತೀರ್ಪು: ಚಿಕ್ಕವನಿಗೆ 10 ಆಗುವವರೆಗೆ ಹೋಟೆಲು ಬಂದ್. ಇದು ಸರಿಯಾ ಎಂದು ಕೇಳಿದ್ದೀರಿ.

ಎಲ್ಲರೂ ನಕ್ಕಿದ್ದು ಬಂಗುಡೆಗೆ. ನನ್ನ ಕಣ್ಣು ನಿಂತದ್ದು ನೀವು ಸುಮ್ನೆ ಬರೆದುಬಿಟ್ಟ ಒಂದು ಸಾಲಿನಲ್ಲಿ. "ಎಂಟೂವರೆಗೆ ಆರ್ಡರ್ ಕೊಟ್ಟೆವು, ಒಂಬತ್ತು ಹತ್ತಕ್ಕೆ ಬಂತು." 40 ನಿಮಿಷ! ಹಸಿದ ಮಗು ಮೇಜಿನಡಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? 20 ನಿಮಿಷ ದಾಟಿದರೆ ನನಗೂ ಹೋಗೋಣ ಅನಿಸುತ್ತದೆ.

ನಮ್ಮ ಹಳೆಯ ಹೋಟೆಲುಗಳನ್ನು ನೆನಪು ಮಾಡಿಕೊಳ್ಳಿ. ಉಡುಪಿ ರಥಬೀದಿಯ ಮಿತ್ರ ಸಮಾಜದಂಥ ಕಡೆ ಮಕ್ಕಳ ರಂಪ ನಾನು ನೋಡಿದ್ದು ಬಹಳ ಕಡಿಮೆ. ಅಲ್ಲಿಗೆ ಬರುವವರೂ ಇದೇ ಮಕ್ಕಳು. ಆದರೆ ಕೂತ ಕೂಡಲೇ ನೀರು, ಅದರ ಹಿಂದೆಯೇ ಬಿಸಿ ಗೋಳಿಬಜೆ. ಇಡ್ಲಿ ಹಬೆಯಲ್ಲೇ ಇರುತ್ತದೆ, ದೋಸೆ ಹಿಟ್ಟು ಹಿಂದಿನ ರಾತ್ರಿಯೇ ಹುಳಿ ಬಂದಿರುತ್ತದೆ, ಸಾಂಬಾರು ಬೆಳಿಗ್ಗೆಯೇ ಕುದಿದಿರುತ್ತದೆ. ಕಪಿಚೇಷ್ಟೆಗೆ ಪುರುಸೊತ್ತೇ ಸಿಗುವುದಿಲ್ಲ.

ಮೀನಿನ ಹೋಟೆಲಿನವರನ್ನು ದೂರುವುದೂ ಸರಿಯಲ್ಲ. ನೀವು ಹೇಳಿದ ಮೇಲೆಯೇ ಮೀನಿಗೆ ರವೆ ಹಚ್ಚಿ ಕಾವಲಿಗೆ ಹಾಕಬೇಕು. ಮೊದಲೇ ಕಾಯಿಸಿಟ್ಟ ಬಂಗುಡೆ ಯಾರಿಗೆ ಬೇಕು?

ನನ್ನದೂ ಒಂದು ಕತೆ ಇದೆ. ಮಗನಿಗೆ 6, ಮಗಳಿಗೆ 3 ಇದ್ದಾಗ ನನ್ನ ಅಮ್ಮನನ್ನೂ ಕರೆದುಕೊಂಡು ಹೀಗೇ ಹೋಗಿದ್ದೆವು. ಕೂತ ಮೇಲೆ ನೆನಪಾಯಿತು, ಅವತ್ತು ಸೋಮವಾರ. ಅಮ್ಮ ಸೋಮವಾರ ಮೀನು ಮುಟ್ಟುವುದಿಲ್ಲ. "ನನಗೆ ನೀರುದೋಸೆ ಸಾಕು" ಅಂದರು. ಅರ್ಧ ಗಂಟೆ ಕಳೆಯಿತು. ಪಕ್ಕದ ಮೇಜಿನ ಕಾಣೆ ಫ್ರೈ ಪರಿಮಳ ಬರುತ್ತಲೇ ಇತ್ತು. ಕೊನೆಗೆ ಅಮ್ಮ ಮೆಲ್ಲಗೆ, "ಸೂರ್ಯ ಮುಳುಗಿದ ಮೇಲೆ ಸೋಮವಾರ ಮುಗಿದ ಹಾಗೆ ಅಲ್ವಾ?" ಅಂದರು. ಈ ಶಾಸ್ತ್ರ ನಾವು ಅದುವರೆಗೆ ಕೇಳಿರಲಿಲ್ಲ.

ಈ ಚರ್ಚೆಯ ನಡುವೆ ಮಗಳು ಕಾಣೆಯಾಗಿದ್ದಳು. (ಮೀನಲ್ಲ, ನಿಜವಾಗಿಯೂ ಕಾಣಿಸುತ್ತಿರಲಿಲ್ಲ.) ಹುಡುಕಿದರೆ ಆ ಪಕ್ಕದ ಮೇಜಿನವರ ತೊಡೆಯ ಮೇಲೆ ಕೂತಿದ್ದಾಳೆ. ಅವರು ಮೀನಿನ ನಡುಮುಳ್ಳು ಎಳೆದು ತೆಗೆದು ತುತ್ತು ಕೊಡುತ್ತಿದ್ದಾರೆ. ನಾನು ಕ್ಷಮೆ ಕೇಳಲು ಹೋದೆ. "ಇರಲಿ ಮಾರಾಯ್ರೆ, ಅರ್ಧ ತಿಂದಾಯ್ತು, ಇನ್ನು ಅರ್ಧ ತಿನ್ಲಿ" ಅಂದರು. ಎಲ್ಲರಿಗೂ ಅಂಥ ನೆರೆಮೇಜು ಸಿಗುವುದಿಲ್ಲ, ಒಪ್ಪುತ್ತೇನೆ.

ಹಾಗಾಗಿ ಚಿಕ್ಕವನಿಗೆ 10 ಆಗುವವರೆಗೆ ಕಾಯಬೇಡಿ. ಎಂಟೂವರೆಗೆ ಹೋಗುವ ಬದಲು ಏಳಕ್ಕೆ ಹೋಗಿ. ಆ ಹೊತ್ತಿಗೆ ಅಡುಗೆಮನೆಯಲ್ಲಿ ನೂಕುನುಗ್ಗಲು ಇರುವುದಿಲ್ಲ. ಕೂತ ಕೂಡಲೇ, ಮೆನು ತೆರೆಯುವ ಮೊದಲೇ, ಮಕ್ಕಳಿಗೆ ನೀರುದೋಸೆ, ಕಾಯಿಬೆಲ್ಲ ಹೇಳಿಬಿಡಿ. ಅದರ ಹಿಟ್ಟಿಗೆ ಹುಳಿ ಬರಬೇಕಾಗಿಲ್ಲ, ಕಾವಲಿಯಲ್ಲಿ ಒಂದೆರಡು ನಿಮಿಷದ ಕೆಲಸ. "ಗಸಿಗೆ ಖಾರ ಕಡಿಮೆ ಮಾಡಿ" ಎಂದು ಕೇಳಿ ಪ್ರಯೋಜನವಿಲ್ಲ. ಮಸಾಲೆ ಮೊದಲೇ ಅರೆದು ಕುದಿಸಿ ಆಗಿರುತ್ತದೆ. ಕೋರಿ ರೊಟ್ಟಿಯ ಮೇಲೆ ಗಸಿ ಹೊಯ್ದು, ಮೆತ್ತಗಾದ ಮೇಲೆ ಚಿಕ್ಕವನ ಮುಂದಿಡಿ. ಒದ್ದೆ ರೊಟ್ಟಿಯಲ್ಲಿ ಮುಖವಾಡ ಆಗುವುದಿಲ್ಲ. ಮೊಬೈಲ್ ಬಗ್ಗೆ ಉಪದೇಶ ಮಾಡುವುದಿಲ್ಲ. ನಮ್ಮ ಕಾಲದಲ್ಲಿ ಇದ್ದಿದ್ದರೆ ನಾನೂ ಕೊಟ್ಟುಬಿಡುತ್ತಿದ್ದೆ.

ಆ ಹೆಂಗಸಿನ ಮೇಲೆ ಸಿಟ್ಟು ಬೇಡ. ಅವರೂ 40 ನಿಮಿಷ ಕಾದಿರಬಹುದು. ಒಂದು ವಿಷಯದಲ್ಲಿ ಮಾತ್ರ ನಾನು ಅವರ ಪರ: ಬಿಸಿ ಸಾರು ಹಿಡಿದವರ ಕಾಲಿಗೆ ಮಗು ಅಡ್ಡ ಓಡುತ್ತಿದ್ದರೆ, ನಿಮ್ಮಿಬ್ಬರಲ್ಲಿ ಒಬ್ಬರು ಎದ್ದು ಅವನನ್ನು ಹೊರಗೆ ಒಂದು ಸುತ್ತು ತಿರುಗಿಸಬೇಕು. ನೆಲದ ಮೇಲಿನ ದೊಡ್ಡ ರೊಟ್ಟಿ ಚೂರುಗಳನ್ನಾದರೂ ಹೆಕ್ಕಿ ಏಳಿ.

ಕೊನೆಗೆ ಗಡ್‌ಬಡ್ ಐಸ್‌ಕ್ರೀಮ್ ತಿನ್ನದೆ ಬರಬೇಡಿ. ಅದು ಉಡುಪಿಯ ಡಯಾನ ಹೋಟೆಲಿನಲ್ಲಿ ಹುಟ್ಟಿದ್ದು ಎನ್ನುತ್ತಾರೆ. ಮಂಗಳೂರಿನಲ್ಲಿ ಬೇಕಾದರೆ 1975ರಿಂದ ಇರುವ ಐಡಿಯಲ್ ಐಸ್‌ಕ್ರೀಮ್ ಅಂಗಡಿ ಇದೆ. ಆದರೆ ಒಂದು ಗ್ಲಾಸಿಗೆ ಎರಡು ಚಮಚ ಕೇಳಿ ಮಕ್ಕಳ ನಡುವೆ ಇಡುವ ಉಳಿತಾಯ ಬೇಡ. ತಳದಲ್ಲಿರುವ ಜೆಲ್ಲಿಗೆ ಯುದ್ಧವೇ ಆಗುತ್ತದೆ, ನಮ್ಮಲ್ಲಿ ಆಗಿದೆ.

ಹಾಂ, ನಿಮ್ಮ ದೊಡ್ಡವನ ಬಂಗುಡೆ ಲೆಕ್ಕವನ್ನು ನಮ್ಮ ಅಕೌಂಟ್ಸ್ ವಿಭಾಗಕ್ಕೆ ತೋರಿಸಿದೆ. ಸರಿಯಾಗಿ 11 ಪಟ್ಟು ಅಂತೆ. ಅವರು ಈಗ ಅಜ್ಜಿ ಯಾವ ಮಾರ್ಕೆಟಿಗೆ ಹೋಗುತ್ತಾರೆ ಎಂದು ಕೇಳುತ್ತಿದ್ದಾರೆ. ದಯವಿಟ್ಟು ಬರೆದು ತಿಳಿಸಿ.

ಸಂಪಾದಕ