ಮನೆ ಮಾರುವ ಮಾತು ಬೆಟ್ಟದ ಮೇಲೆ ಬೇಡ

ಪ್ರಿಯ ಓದುಗರೇ,

ನಿಮ್ಮ ಉದ್ದನೆಯ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಹಾಗಾಗಿ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ.

ವರ್ಷಗಟ್ಟಲೆ ಮಾಡಿದ ಕೆಲಸ ಬಿಟ್ಟಿದ್ದೀರಿ. ಬೇಸಿಗೆ ಮುಗಿಯುತ್ತಿದ್ದಂತೆ ಬೇರೆ ಊರಲ್ಲಿ ಹೊಸ ಕೆಲಸ. ಮಗ ಓದಲು ಇನ್ನೊಂದು ದಿಕ್ಕಿಗೆ ಹೊರಟಿದ್ದಾನೆ. ಈಗಿರುವ ಮನೆಯನ್ನು ಮಾರುವುದೋ ಇಟ್ಟುಕೊಳ್ಳುವುದೋ ಇನ್ನೂ ತೀರ್ಮಾನ ಆಗಿಲ್ಲ. ನಡುವೆ ಸಿಕ್ಕಿರುವ ಬೇಸಿಗೆಯನ್ನು ಪೂರ್ತಿ ಹೊರಗೇ ಕಳೆಯಬೇಕು ಅನ್ನುವುದು ನಿಮ್ಮ ಆಸೆ. ಮೊದಲು ಗೆಳತಿಯರ ಜೊತೆ ಕೆರೆ ಪಕ್ಕ ಟೆಂಟ್, ಹೊಳೆಯಲ್ಲಿ ದೋಣಿ, ಸಣ್ಣಪುಟ್ಟ ಬೆಟ್ಟಗಳು. ಆಮೇಲೆ ಒಬ್ಬರೇ 18 ದಿನದಲ್ಲಿ 400 ಕಿಲೋಮೀಟರ್ ನಡಿಗೆ. ವಾಪಸ್ ಬಂದ ಮೂರನೇ ದಿನ ಹೊಸ ಕೆಲಸಕ್ಕೆ ಹಾಜರಾಗಬೇಕು. ‘ಮನೆ ವಿಷಯ ನಡೀತಾ ನಡೀತಾ ತೀರ್ಮಾನ ಮಾಡ್ತೀನಿ’ ಅಂತಲೂ ಬರೆದಿದ್ದೀರಿ. ಮನೆಯವರ ಪ್ರಶ್ನೆ ಮಾತ್ರ ಬೇರೆ: ‘ಇಷ್ಟೆಲ್ಲ ಬದಲಾಗ್ತಿರೋವಾಗ ಬೆಟ್ಟ ಸುತ್ತೋದು ಬೇಕಾ? ಇದು ತಪ್ಪಿಸಿಕೊಳ್ಳೋದೇ ಅಲ್ವಾ?’

ಮೊದಲು ಅವರಿಗೇ ಉತ್ತರ ಹೇಳಿಬಿಡುತ್ತೇನೆ. ತಪ್ಪಿಸಿಕೊಳ್ಳುವುದಲ್ಲ. ಖಂಡಿತ ಹೋಗಿ.

ದೂರದ ನಡಿಗೆಗೆ ಹೊರಡುವವರನ್ನು ನೋಡಿ. ಬಹಳಷ್ಟು ಜನ ಬದುಕಿನ ಇಂಥದೇ ತಿರುವಿನಲ್ಲಿ ಇರುತ್ತಾರೆ. ಓದು ಮುಗಿದಿರುತ್ತದೆ, ನಿವೃತ್ತಿ ಆಗಿರುತ್ತದೆ, ಒಂದು ಕೆಲಸ ಬಿಟ್ಟು ಇನ್ನೊಂದು ಶುರುವಾಗಿರುವುದಿಲ್ಲ. ಅದು ಸಹಜವೇ. ವಾರಗಟ್ಟಲೆ ಬಿಡುವು ಬೇರೆ ಯಾವಾಗ ಸಿಗುತ್ತದೆ ಹೇಳಿ? ಅಮೆರಿಕದ ಅಪಲಾಚಿಯನ್ ಟ್ರೇಲ್ 14 ರಾಜ್ಯಗಳನ್ನು ದಾಟುವ, ಸುಮಾರು 3,500 ಕಿಲೋಮೀಟರ್ ಉದ್ದದ ದಾರಿ. 1948ರಲ್ಲಿ ಅದನ್ನು ಒಂದೇ ಸಲಕ್ಕೆ ಪೂರ್ತಿ ನಡೆದೆ ಎಂದು ಮೊದಲು ವರದಿ ಮಾಡಿದವನು ಅರ್ಲ್ ಶಾಫರ್. ಎರಡನೇ ಮಹಾಯುದ್ಧದಿಂದ ಬಂದವನು. ಆ ದಾರಿಯನ್ನು ಒಟ್ಟಿಗೆ ನಡೆಯೋಣ ಅಂದುಕೊಂಡಿದ್ದ ಗೆಳೆಯ ಯುದ್ಧದಲ್ಲಿ ಸತ್ತಿದ್ದ. ಸೈನ್ಯದ ದಿನಗಳನ್ನು ಮೈಮನಸ್ಸಿನಿಂದ ಕಳೆದುಕೊಳ್ಳಬೇಕು ಅಂತಲೇ ಹೊರಟೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅವನನ್ನು ಯಾರೂ ಪಲಾಯನ ಮಾಡಿದವನು ಅನ್ನುವುದಿಲ್ಲ. 1998ರಲ್ಲಿ, ಎಂಬತ್ತು ಹತ್ತಿರವಾದಾಗ, ಅದೇ ದಾರಿಯನ್ನು ಮತ್ತೆ ಪೂರ್ತಿ ನಡೆದ. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಆದರೆ ನಿಮ್ಮ ಯೋಜನೆಯಲ್ಲಿ ಎರಡು ವಿಷಯಕ್ಕೆ ನನ್ನ ತಕರಾರಿದೆ. ಮನೆಯ ತೀರ್ಮಾನವನ್ನು ಬೆನ್ನಿಗೆ ಹಾಕಿಕೊಂಡು ಹೋಗುವುದು ಒಂದು. ಆ 400 ಕಿಲೋಮೀಟರ್ ಇನ್ನೊಂದು.

ನಡೆಯುತ್ತಾ ಹೋದರೆ ತಲೆ ತಿಳಿಯಾಗುತ್ತದೆ, ಉತ್ತರ ತಾನಾಗಿ ಹೊಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಂಜೆ ಅರ್ಧ ಗಂಟೆ ವಾಕಿಂಗ್ ಹೋದಾಗ ಅದು ನಿಜವೂ ಹೌದು. ದಿನವಿಡೀ ಹೊರೆ ಹೊತ್ತು ನಡೆಯುವಾಗ ಕಥೆಯೇ ಬೇರೆ. ಬೆಳಿಗ್ಗೆ ಹತ್ತು ಗಂಟೆ ಅಂತಿಟ್ಟುಕೊಳ್ಳಿ. ಎಡಗಾಲಿನ ಹಿಮ್ಮಡಿ ಹತ್ತಿರ ಒಂಚೂರು ಬಿಸಿ. ನೋವಿಲ್ಲ, ಸುಮ್ನೆ ಬಿಸಿ. ಸಾಕ್ಸ್ ಬೆವರಿಗೆ ನೆಂದಿದೆ, ಶೂ ಒಳಗೆ ಕಾಲು ಹೆಜ್ಜೆಹೆಜ್ಜೆಗೂ ಕೂದಲೆಳೆಯಷ್ಟು ಜಾರುತ್ತಿದೆ. ಅಲ್ಲೇ ನಿಲ್ಲಬೇಕು. ಹೊರೆ ಇಳಿಸಿ, ಶೂ ಬಿಚ್ಚಿ, ಕಾಲು ಒರೆಸಿ, ಆ ಕೆಂಪು ಜಾಗಕ್ಕೆ ಟೇಪ್ ಅಂಟಿಸಿ, ಒಣಗಿದ ಸಾಕ್ಸ್ ಹಾಕಬೇಕು. ಹತ್ತು ನಿಮಿಷದ ಕೆಲಸ. ‘ಇರಲಿ, ಆ ತಿರುವಿನವರೆಗೆ ಹೋಗೋಣ’ ಅಂದರೆ ಮಧ್ಯಾಹ್ನಕ್ಕೆ ನೀರು ತುಂಬಿದ ಗುಳ್ಳೆ. ಮರುದಿನ ಅದು ಒಡೆದು, ನೀವು ಕುಂಟುತ್ತಾ ಇನ್ನೊಂದು ಮಂಡಿಗೆ ಭಾರ ಹಾಕಿ ಅದನ್ನೂ ಕೆಡಿಸಿಕೊಳ್ಳುತ್ತೀರಿ.

ಇಡೀ ದಿನ ಮನಸ್ಸು ಇಂಥದ್ದರಲ್ಲೇ ಇರುತ್ತದೆ. ಹಿಮ್ಮಡಿ ಹೇಗಿದೆ, ಬಾಟಲಿಯಲ್ಲಿ ಎಷ್ಟು ನೀರಿದೆ, ಮುಂದಿನ ಝರಿ ಎಲ್ಲಿ, ಆ ಮೋಡ ಇತ್ತ ಬರುತ್ತಿದೆಯಾ, ಕತ್ತಲಾಗುವುದರೊಳಗೆ ಟೆಂಟ್ ಹಾಕಲು ಸಮತಟ್ಟು ಜಾಗ ಸಿಗುತ್ತದಾ. ಮನೆ, ಮಗ, ಕೆಲಸ ಯಾವುದೂ ಗಂಟೆಗಟ್ಟಲೆ ನೆನಪಾಗುವುದಿಲ್ಲ. ಈ ನಡಿಗೆ ನಿಮಗೆ ಕೊಡುವ ದೊಡ್ಡ ಉಪಕಾರ ಅದೇ ಅಂತ ನನ್ನ ನಂಬಿಕೆ. ತಿಂಗಳುಗಳಿಂದ ಒಂದೇ ಪ್ರಶ್ನೆ ಸುತ್ತ ಗಿರಕಿ ಹೊಡೆದ ತಲೆಗೆ ಅದರಿಂದ ಬಿಡುವು ಸಿಗುತ್ತದೆ. ಆ ಪ್ರಶ್ನೆಯನ್ನೇ ಹೊತ್ತು ಹೋದರೆ ಬಿಡುವೂ ಇಲ್ಲ, ಉತ್ತರವೂ ಇಲ್ಲ. ರಾತ್ರಿ ಟೆಂಟ್‌ನಲ್ಲಿ ‘ಇವತ್ತೂ ಏನೂ ತೀರ್ಮಾನ ಆಗಲಿಲ್ಲ’ ಅಂತ ಕೊರಗಬೇಕಾಗುತ್ತದೆ.

ಇನ್ನೂ ಒಂದು ಕಾರಣವಿದೆ. ದೂರ ನಡೆಯುವವರ ನಡುವೆ ಒಂದು ಮಾತು ಓಡಾಡುತ್ತದೆ: ಕೆಟ್ಟ ದಿನದಲ್ಲಿ ನಡಿಗೆ ಬಿಡಬೇಡ. ಮಳೆಯಲ್ಲಿ ನೆಂದು, ಹಸಿದು, ಕಾಲು ಸೋತಾಗ ಎಲ್ಲವೂ ವ್ಯರ್ಥ ಅನ್ನಿಸುತ್ತದೆ. ಊಟ ಮಾಡಿ ಮಲಗಿ ಎದ್ದರೆ ಹಾಗನ್ನಿಸುವುದಿಲ್ಲ. ಇದರ ಉಲ್ಟಾ ಕೂಡ ಅಷ್ಟೇ ನಿಜ. ಶಿಖರದ ಮೇಲೆ ಗಾಳಿಗೆ ಮುಖ ಒಡ್ಡಿ ನಿಂತಾಗ ‘ಮನೆ ಯಾಕೆ, ಸಾಮಾನು ಯಾಕೆ, ಬೆನ್ನ ಮೇಲಿರುವಷ್ಟೇ ಸಾಕು’ ಅನ್ನಿಸುತ್ತದೆ. ಆ ಗಳಿಗೆಯಲ್ಲಿ ಮನೆ ಮಾರುವ ತೀರ್ಮಾನ ಮಾಡಬೇಡಿ. ಅದಕ್ಕೆ ಬೇಕಾಗಿರುವುದು ಕಾಗದಪತ್ರ, ಲೆಕ್ಕ, ಮಗನ ಜೊತೆ ಎದುರುಬದುರು ಕೂತು ಮಾತು. ಹೊರಡುವ ಮೊದಲೇ ಒಂದು ಭಾನುವಾರ ಅದಕ್ಕೆ ಇಡಿ. ಆಗಲೂ ಮುಗಿಯದಿದ್ದರೆ ‘ಹೊಸ ಊರಲ್ಲಿ ಆರು ತಿಂಗಳು ಇದ್ದು ನೋಡೋಣ, ಅಲ್ಲಿಯವರೆಗೆ ಮಾರುವುದಿಲ್ಲ’ ಅಂತ ಬರೆದಿಟ್ಟು ಹೊರಡಿ. ಅದೂ ಒಂದು ತೀರ್ಮಾನವೇ.

ಈಗ 400 ಕಿಲೋಮೀಟರ್ ವಿಷಯಕ್ಕೆ ಬರೋಣ. 18 ದಿನ ಅಂದರೆ ದಿನಕ್ಕೆ 22 ಕಿಲೋಮೀಟರ್, ಒಂದು ದಿನವೂ ವಿಶ್ರಾಂತಿ ಇಲ್ಲ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲೇ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ, ಇವತ್ತಿಗೂ ಎಲ್ಲರೂ ಬಳಸುತ್ತಾರೆ. 5 ಕಿಲೋಮೀಟರಿಗೆ ಒಂದು ಗಂಟೆ. ಮೇಲೆ ಹತ್ತುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ನೀವು ಕಳಿಸಿದ ನಕ್ಷೆ ಪ್ರಕಾರ ಎಷ್ಟೋ ದಿನ 1,200 ಮೀಟರ್ ಏರು ಇದೆ. ಲೆಕ್ಕ ಹಾಕಿದರೆ ಸುಮಾರು ಆರೂವರೆ ಗಂಟೆ. ಅದೂ ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ. ಹೊರೆ, ಬಿಸಿಲು, ಊಟ, ನೀರು ತುಂಬುವುದು, ಆ ಹಿಮ್ಮಡಿಯ ಹತ್ತು ನಿಮಿಷ ಎಲ್ಲ ಸೇರಿಸಿದರೆ ಒಂಬತ್ತು ಗಂಟೆ ದಾಟುತ್ತದೆ. ಒಂದು ದಿನ ಮಾಡಬಹುದು. 18 ದಿನ ಸತತ ಅಂದರೆ ಕಷ್ಟ.

ಜನ ಏರಿಗೆ ಹೆದರುತ್ತಾರೆ, ಕಾಲನ್ನು ಹೈರಾಣ ಮಾಡುವುದು ಮಾತ್ರ ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆ ಕೆಲಸದಲ್ಲೇ ಅದರ ಎಳೆಗಳಿಗೆ ಪೆಟ್ಟು ಜಾಸ್ತಿ. ನೋವು ಅದೇ ದಿನ ಬರುವುದಿಲ್ಲ, ಎರಡನೇ ಮೂರನೇ ದಿನ ಜೋರಾಗಿ ಬರುತ್ತದೆ. ಹಾಗಾಗಿ ಮೊದಲ ದಿನ ‘ಏನೂ ಆಗಲಿಲ್ಲ’ ಅಂತ ಹುರುಪಿನಲ್ಲಿ ಮುಂದೋಡಿದವರು ಮೂರನೇ ದಿನ ಮೆಟ್ಟಿಲು ಇಳಿಯಲಾರದೆ ಕೂರುತ್ತಾರೆ. ಅಭ್ಯಾಸವಾದ ಸ್ನಾಯುವಿಗೆ ಈ ಪೆಟ್ಟು ಬಹಳ ಕಡಿಮೆ. ನಿಮ್ಮ ಮೊದಲ ತಿಂಗಳ ಸಣ್ಣ ತಿರುಗಾಟ ನನಗೆ ಇಷ್ಟವಾಗಿದ್ದು ಇದಕ್ಕೇ. ಅದನ್ನೇ ತಯಾರಿ ಮಾಡಿಕೊಳ್ಳಿ. ಗೆಳತಿಯರ ಜೊತೆ ಬೆಟ್ಟಕ್ಕೆ ಹೋದಾಗ ಕೊನೆಗೆ ಒಯ್ಯುವ ಬ್ಯಾಕ್‌ಪ್ಯಾಕನ್ನೇ ಹೊತ್ತುಕೊಳ್ಳಿ, ಮೊದಲು ಅರ್ಧ ತುಂಬಿ, ಆಮೇಲೆ ಪೂರ್ತಿ ತುಂಬಿ. ಒಂದು ದಿನ ದೂರ ನಡೆಯುವುದಕ್ಕಿಂತ ಎರಡು ದಿನ ಬೆನ್ನುಬೆನ್ನಿಗೆ ನಡೆಯುವುದು ಹೆಚ್ಚು ಕಲಿಸುತ್ತದೆ. ದಣಿದ ಕಾಲಲ್ಲಿ ಮತ್ತೆ ಹೊರಡುವುದೇ ಅಲ್ಲಿನ ನಿಜವಾದ ಕಷ್ಟ. ಹೊರೆ ನಿಮ್ಮ ತೂಕದ ಐದನೇ ಒಂದು ಭಾಗ ಮೀರದಿರಲಿ, ನೀರು ಊಟ ಎಲ್ಲ ಸೇರಿ.

ಎಮ್ಮಾ ಗೇಟ್‌ವುಡ್ ಬಗ್ಗೆ ಕೇಳಿರಬಹುದು. 11 ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಪಲಾಚಿಯನ್ ಟ್ರೇಲ್ ಪೂರ್ತಿ ಒಬ್ಬರೇ ನಡೆದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಈ ಕಥೆ ಹೇಳುವವರು ಹಿಂದಿನ ವರ್ಷದ್ದನ್ನು ಬಿಟ್ಟುಬಿಡುತ್ತಾರೆ. 1954ರಲ್ಲಿ ಅವರು ಇನ್ನೊಂದು ತುದಿಯಿಂದ ಶುರುಮಾಡಿ, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು, ಬೇಗನೇ ಮನೆಗೆ ವಾಪಸಾಗಿದ್ದರು. ಮುಂದೆ ಅದೇ ದಾರಿಯನ್ನು ಇನ್ನೂ ಎರಡು ಸಲ ನಡೆದರು, ಮೂರನೆಯ ಸಲ ಮಾತ್ರ ತುಂಡುತುಂಡಾಗಿ ನಡೆದು ಮುಗಿಸಿದರು. ಆ ದಾರಿಯನ್ನು ನೋಡಿಕೊಳ್ಳುವ ಸಂಸ್ಥೆ ಒಂದೇ ಸಲಕ್ಕೆ ಮುಗಿಸಿದವರಿಗೂ ವರ್ಷವರ್ಷ ಸ್ವಲ್ಪಸ್ವಲ್ಪ ನಡೆದವರಿಗೂ ಒಂದೇ ಮನ್ನಣೆ ಕೊಡುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ದಾರಿಯ ಅರ್ಧ ಮಾತ್ರ ಈ ಬೇಸಿಗೆಗೆ ಇಟ್ಟುಕೊಳ್ಳಿ. 14 ದಿನ, ಅದರಲ್ಲಿ ಎರಡು ದಿನ ವಿಶ್ರಾಂತಿ, ಒಟ್ಟು 200 ಕಿಲೋಮೀಟರ್. ಮೊದಲ ನಾಲ್ಕು ದಿನ 12–13 ಕಿಲೋಮೀಟರ್ ಸಾಕು. ಆಮೇಲೆ ಕಾಲು ತಾನಾಗಿ ಜಾಸ್ತಿ ಕೇಳುತ್ತದೆ.

ಉಳಿದ ನಾಲ್ಕು ದಿನ ಮನೆಯಲ್ಲಿರಲಿ. ವಾಪಸ್ ಬಂದವರ ಕಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಸಿವು ಇನ್ನೂ ಬೆಟ್ಟದ್ದೇ ಇರುತ್ತದೆ, ನಡಿಗೆ ಮಾತ್ರ ನಿಂತಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲಿಗೆ ಹೋಗಬೇಕು ಅನ್ನುವ ಸ್ಪಷ್ಟತೆ ಇರುವುದಿಲ್ಲ. ಗದ್ದಲ ಜಾಸ್ತಿ ಅನ್ನಿಸುತ್ತದೆ. ಎಷ್ಟೋ ಜನ ಕೆಲವು ದಿನ, ಕೆಲವರು ಕೆಲವು ವಾರ, ಕಾರಣವಿಲ್ಲದೆ ಮಂಕಾಗಿರುತ್ತಾರೆ. ನಿಮಗೆ ಇದರ ಮೇಲೆ ಮಗನನ್ನು ಕಳಿಸುವುದು, ಸಾಮಾನು ಕಟ್ಟುವುದು, ಹೊಸ ಮುಖಗಳು. ಇವೆಲ್ಲ ಒಂದೇ ವಾರದಲ್ಲಿ ಮೇಲೆ ಬಿದ್ದರೆ ಹೊಸ ಕೆಲಸವನ್ನೇ ತಪ್ಪು ತಿಳಿಯುತ್ತೀರಿ. ನಿಜವಾದ ಕಾರಣ ದಣಿದ ಮೈ ಆಗಿರುತ್ತದೆ. ಸಾಮಾನು ಕಟ್ಟುವ ಕೆಲಸವನ್ನು ಹೊರಡುವ ಮೊದಲೇ ಮುಗಿಸಿ. ವಾಪಸ್ ಬಂದ ಮೇಲಿನ ಆ ನಾಲ್ಕು ದಿನ ಮಗನಿಗಿರಲಿ. ಪತ್ರದಲ್ಲಿ ಅವನ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ಆ ಎರಡು ಸಾಲು ಓದುವಾಗ ನನಗೆ ಮನೆ, ಬೆಟ್ಟ ಎಲ್ಲದಕ್ಕಿಂತ ಅದೇ ದೊಡ್ಡದು ಅನ್ನಿಸಿತು.

ಬೇಸಿಗೆಯ ಅಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ಹೊರಡಿ, ಎತ್ತರದ ಜಾಗಗಳನ್ನು ಮಧ್ಯಾಹ್ನದೊಳಗೆ ದಾಟಿ. ಬೇಸಿಗೆಯ ಗುಡುಗು ಮಳೆ ಬೆಟ್ಟದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲೇ ಇದೆ. ಬೆಟ್ಟದ ಏಣು ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ. ಝರಿಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಕುಡಿಯಿರಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್ ಮೇಲಿದ್ದರೆ ಮೂರು ನಿಮಿಷ. ಬಿಸಿಲಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು, ಜೋರು ಬಿಸಿಲಿದ್ದರೆ ಇನ್ನೂ ಜಾಸ್ತಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೂ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯ ಆಗುತ್ತದೆ, ಉಪ್ಪು ಇರುವ ತಿಂಡಿ ಜೊತೆಗಿರಲಿ. ಜೊತೆಗೆ ನಡೆಯುವವರು ಯಾರಾದರೂ ಮಾತು ತೊದಲಿ, ಗಲಿಬಿಲಿಗೊಂಡರೆ ಅದು ಬರೀ ಸುಸ್ತಲ್ಲ, ಬಿಸಿಲಿನ ಹೊಡೆತ. ತಕ್ಷಣ ನೆರಳಿಗೆ ತಂದು, ಮೈಯೆಲ್ಲ ನೀರು ಹಾಕಿ ತಣಿಸುತ್ತಾ ಸಹಾಯಕ್ಕೆ ಕರೆಯಬೇಕು.

ಒಬ್ಬರೇ ಹೋಗಬಹುದಾ ಅಂತ ಕೇಳಿದ್ದೀರಿ. ಜನ ಓಡಾಡುವ, ಗುರುತು ಹಾಕಿದ ದಾರಿ ಆದರೆ ಹೋಗಬಹುದು. ಎಲ್ಲಿಂದ ಎಲ್ಲಿಗೆ, ಯಾವ ದಿನ ಎಲ್ಲಿ ಮಲಗುತ್ತೀರಿ ಅನ್ನುವುದನ್ನು ಮನೆಯಲ್ಲಿ ಬರೆದು ಕೊಡಿ. ಎಷ್ಟು ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಅದರಲ್ಲಿರಲಿ. ನಿಮ್ಮ ಮನೆಯವರ ಅರ್ಧ ಆತಂಕ ಈ ಒಂದು ಹಾಳೆಯಿಂದ ಕಡಿಮೆಯಾಗುತ್ತದೆ. ಅವರು ಬೇಡ ಅನ್ನುತ್ತಿರುವುದು ನಡಿಗೆಗಲ್ಲ, ಸುದ್ದಿಯಿಲ್ಲದ ದಿನಗಳಿಗೆ ಅಂತ ನನ್ನ ಅಂದಾಜು.

ಕೊನೆಯಲ್ಲಿ ಚಿಕ್ಕದಾಗಿ ‘ಹೊಸ ಶೂ ಯಾವಾಗ ತಗೊಳ್ಳಲಿ?’ ಅಂತ ಸೇರಿಸಿದ್ದೀರಿ. ಈ ವಾರವೇ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ದಾರಿಯಲ್ಲಿ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಅರ್ಧ ಸೈಜ್ ದೊಡ್ಡದಿರಲಿ, ಇಳಿಜಾರಲ್ಲಿ ಹೆಬ್ಬೆರಳು ಮುಂದೆ ತಾಗಬಾರದು. ತಂದ ದಿನದಿಂದ ಮನೆಯೊಳಗೂ ಅದನ್ನೇ ಹಾಕಿಕೊಂಡು ಸಾಮಾನು ಕಟ್ಟಿ. ಎರಡು ವಾರದಲ್ಲಿ ಎಲ್ಲಾದರೂ ಕಚ್ಚಿದರೆ ಬದಲಾಯಿಸಲು ಆಗಲೂ ಸಮಯ ಇರುತ್ತದೆ.

ನಿಮ್ಮ,
ಸಂಪಾದಕ